ಉಪ್ಪಿನಕಾಯಿ ಡ್ರಮ್ಮಿನ ಬಿಯರು

ಇಜ್ಮಿರ್, ೩ ಫೆಬ್ರವರಿ ೨೦೧೯

ತಾಹ್ಸಿನ್ ಅಣ್ಣನಿಗೆ,

ನಿಮ್ಮ ಷಡ್ಡಕ ನಿಹಾತನ ಸಲಾಮು. ಈ ಕಾಲದಲ್ಲಿ ಕಾಗದ ಬರೆಯುವ ಪುಣ್ಯಾತ್ಮ ಯಾರಪ್ಪ ಎಂದು ನಗಬೇಡಿ. ನನ್ನ ಫೋನು ಹೆಸರಿಗೆ ಮಾತ್ರ ನನ್ನದು. ಅದು ಟಿಣ್ ಎಂದರೆ ಮೊದಲು ಶುಕ್ರಾನಳ ಕೈ ಹೋಗುತ್ತದೆ. ಅದರಲ್ಲಿ ನಿಮ್ಮ ಹೆಸರು ಕಂಡರೆ ನಮ್ಮನೆಯಲ್ಲಿ ವಾರವಿಡೀ ಒಲೆ ಉರಿದರೂ ಮಾತು ಹೊರಡುವುದಿಲ್ಲ. ಅದಕ್ಕೇ ನೀವು ಕೂರುವ ಕಾಫಿ ಅಂಗಡಿಯ ವಿಳಾಸಕ್ಕೆ ಬರೆಯುತ್ತಿದ್ದೇನೆ. ನೀವೂ ನಮ್ಮ ಬೀದಿಯ ಕ್ಷೌರಿಕನ ವಿಳಾಸಕ್ಕೆ ಬರೆಯಿರಿ, ಅವನು ಬಾಯಿ ಬಿಡುವವನಲ್ಲ.

ಅಕ್ಕ ತಂಗಿ ಮಾತು ಬಿಟ್ಟು ಮೊನ್ನೆಗೆ ಮೂರು ವರ್ಷ. ಅತ್ತೆ ತೀರಿಕೊಂಡ ದಿನ ನಿಮ್ಮ ಮನೆಯಲ್ಲಿ ಸತ್ತವರ ಹೆಸರಿನಲ್ಲಿ ಹಂಚಲು ಹಲ್ವಾ ಕಲಕುತ್ತಿದ್ದ ಹೆಂಗಸರೆಲ್ಲರ ಎದುರು ನನ್ನ ಶುಕ್ರಾನ್, "ಒಂದಿನ ಮುಂಚೆ ಆಸ್ಪತ್ರೆಗೆ ಸೇರ್ಸಿದ್ರೆ ಅಮ್ಮ ಉಳೀತಿದ್ಲು. ಜೊತೇಲಿದ್ದೋಳು ನೋಡ್ಕೊಳ್ಲಿಲ್ಲ" ಎಂದುಬಿಟ್ಟಳು. ಮೆಲಾಹತ್ ಅತ್ತಿಗೆ ಸೌಟು ಕೆಳಗಿಟ್ಟು ಒಳಗೆ ಹೋದವರು ನಾವು ಬಸ್ಸು ಹತ್ತುವವರೆಗೂ ಹೊರಗೆ ಬರಲಿಲ್ಲ. ಅವರಿಬ್ಬರ ಜಗಳದಲ್ಲಿ ಬಡವಾದ ಕೂಸುಗಳು ನಾನು, ನೀವು. ಬೇಸಿಗೆಯಲ್ಲಿ ಇಬ್ಬರೂ ಬಾಲ್ಕನಿಯಲ್ಲಿ ಕೂತು ಕಲ್ಲಂಗಡಿ, ಚೀಸು, ತಣ್ಣನೆ ಬಿಯರು ಇಟ್ಟುಕೊಂಡು ಹರಟುತ್ತಿದ್ದದ್ದು ದಿನವೂ ನೆನಪಾಗುತ್ತದೆ.

ಈಗ ಕೇಳುವ ವಿಷಯಕ್ಕೆ ಬರುತ್ತೇನೆ. ಜನವರಿಯಲ್ಲಿ ಬಿಯರಿನ ಬೆಲೆ ಮತ್ತೆ ಏರಿತು. ದೋಣಿಕಟ್ಟೆಯಲ್ಲಿ ಮೂವತ್ತೊಂದು ವರ್ಷ ಟಿಕೆಟ್ ಕೊಟ್ಟು ನಿವೃತ್ತನಾದವನು ನಾನು. ಸಂಜೆ ಒಂದು ಬಾಟಲಿ ಬಿಟ್ಟರೆ ನನಗೆ ಬೇರೆ ಸುಖವಿಲ್ಲ. ಈಗ ಅದು ಎರಡು ದಿನಕ್ಕೊಂದಾಗಿದೆ. ನೀವು ಮನೆಯಲ್ಲೇ ಕಾಯಿಸಿಕೊಳ್ಳುತ್ತೀರಲ್ಲ, ಕಡಿಮೆ ಖರ್ಚಿನಲ್ಲಿ ಯಾವ್ಯಾವ ಸಾಮಾನು ಕೊಳ್ಳಬೇಕು ಹೇಳಿ. ಹಾಸಿಗೆ ಚಿಕ್ಕದು ಎಂಬುದನ್ನು ಮಾತ್ರ ಮರೆಯಬೇಡಿ.

ದಣಿದ ನಿಮ್ಮ ತಮ್ಮ,
ನಿಹಾತ್

ಎಸ್ಕಿಶೆಹಿರ್, ೨೦ ಫೆಬ್ರವರಿ

ಷಡ್ಡಕ ನಿಹಾತನಿಗೆ,

ನಿನ್ನ ಕಾಗದವನ್ನು ಕಾಫಿ ಅಂಗಡಿಯವನು ಎಲ್ಲರ ಎದುರು ಎತ್ತಿ ಹಿಡಿದು, "ತಾಹ್ಸಿನ್ ಮಾವಂಗೆ ಪ್ರೇಮಪತ್ರ ಬಂದಿದೆ ರೋ" ಎಂದು ಕೂಗಿದ. ಈ ವಯಸ್ಸಿನಲ್ಲಿ ಅದೊಂದು ಹೆಸರು ಬಾಕಿಯಿತ್ತು. ಸಕ್ಕರೆ ಕಾರ್ಖಾನೆಯ ಹಳೆಯ ಗೆಳೆಯರು ಯಾರವಳು ಎಂದು ಇನ್ನೂ ಕೇಳುತ್ತಿದ್ದಾರೆ.

ಸಾಮಾನಿನ ವಿಷಯ. ಇಂಟರ್‌ನೆಟ್ಟಿನಲ್ಲಿ ಮಾರುವ ಹೊಳೆಯುವ ಸೆಟ್ಟಿನ ಕಡೆ ತಿರುಗಿಯೂ ನೋಡಬೇಡ, ಅರ್ಧ ದುಡ್ಡು ಅದರ ಪೆಟ್ಟಿಗೆಗೇ ಹೋಗುತ್ತದೆ. ಮೂವತ್ತು ಲೀಟರಿನ ಪಾತ್ರೆಯೊಂದು ಬೇಕು, ಹಳೆಯದಾದರೂ ಸರಿ, ತಳ ದಪ್ಪ ಇರಲಿ. ಮಾಲ್ಟ್ ಬಾರ್ಲಿಯನ್ನು ನೆನೆಸಿ ಸೋಸಲು ದುಬಾರಿ ಜರಡಿ ಬೇಡ, ಮೊಸರು ಕಟ್ಟುವ ಬಟ್ಟೆಯ ಚೀಲ ಎರಡು ಸಾಕು. ನೀರಿನ ಬಿಸಿ ನೋಡುವ ಥರ್ಮಾಮೀಟರನ್ನು ಚೀಸು ಮಾಡುವವರ ಅಂಗಡಿಯಲ್ಲಿ ಕೊಳ್ಳು. ಹುದುಗುವಾಗ ಗಾಳಿ ಹೊರಹೋಗಲು ಬಕೆಟ್ಟಿನ ಮುಚ್ಚಳಕ್ಕೆ ಗ್ಲೂಕೋಸ್ ಹಾಕುವ ನಳಿಕೆ ಸಿಕ್ಕಿಸಿ, ಅದರ ತುದಿಯನ್ನು ನೀರಿನ ಲೋಟದಲ್ಲಿ ಮುಳುಗಿಸಿಡು. ಬಾಟಲಿಗಳನ್ನು ಯಾವ ಬಿಯರಂಗಡಿಯವನಾದರೂ ಕೊಡುತ್ತಾನೆ. ಮುಚ್ಚಳ ಒತ್ತುವ ಕೈಯಂತ್ರ ನನ್ನ ಹತ್ತಿರ ಎರಡಿದೆ, ಒಂದನ್ನು ಬಸ್ಸಿನಲ್ಲಿ ಹಾಕುತ್ತೇನೆ.

ಒಂದೇ ಒಂದನ್ನು ಮಾತ್ರ ಹೊಸದನ್ನೇ ಕೊಳ್ಳು: ಹುದುಗಲು ಇಡುವ ಬಕೆಟ್ಟು. ಅಲ್ಲಿ ಜುಗ್ಗತನ ಮಾಡಿದರೆ ಇಪ್ಪತ್ತೈದು ಲೀಟರನ್ನೂ ಬಚ್ಚಲಿಗೆ ಸುರಿಯುತ್ತೀಯ. ನಾನು ಮೊದಲ ಸಲ ಸುರಿದಿದ್ದೇನೆ. ಮೆಲಾಹತ್ ಬಾಗಿಲಲ್ಲಿ ನಿಂತು, "ನಿಮ್ಮ ಬಿಯರು, ನಿಮ್ಮ ಪಾಪ. ನನ್ನ ಬಚ್ಚಲು ಮಾತ್ರ ತೊಳೆದಿಡಿ" ಎಂದಿದ್ದಳು.

ಅವಳು ಈಚೆಗೆ ಹೆಚ್ಚು ಮಾತಾಡುವುದಿಲ್ಲ. ಮೊದಲೂ ಆಡುತ್ತಿರಲಿಲ್ಲ ಎನ್ನು. ಇಬ್ಬರಲ್ಲಿ ಒಬ್ಬಳಾದರೂ ಬಾಯಿ ಬಿಟ್ಟರೆ ನಾವು ಕಳ್ಳರ ಹಾಗೆ ಬರೆಯಬೇಕಾಗಿಲ್ಲ.

ಕಾರ್ಖಾನೆ ಬಿಟ್ಟರೂ ಕೆಮ್ಮು ಬಿಡದ,
ತಾಹ್ಸಿನ್

ಇಜ್ಮಿರ್, ೧೭ ಮಾರ್ಚ್

ತಾಹ್ಸಿನ್ ಅಣ್ಣನಿಗೆ,

ಕೈಯಂತ್ರ ತಲುಪಿತು. ನನ್ನ ಅದೃಷ್ಟಕ್ಕೆ ಶುಕ್ರಾನ್ ಬುರ್ಸಾಕ್ಕೆ ಹೋಗಿದ್ದಾಳೆ, ಮಗಳಿಗೆ ಗಂಡು ಮಗುವಾಯಿತು. ಬಾಣಂತನ ಮುಗಿಸಿ ಬರುವುದು ಜೂನಿಗೇ. ಮೊಮ್ಮಗನ ಫೋಟೋ ನೋಡಿದೆ, ಅತ್ತೆಯ ಹಣೆಯೇ ಬಂದಿದೆ. ಇದನ್ನು ಅತ್ತಿಗೆಗೆ ಹೇಳಬಹುದೋ ಬಾರದೋ ನೀವೇ ನೋಡಿ.

ಪಾತ್ರೆಗಾಗಿ ಕೆಮೆರಾಲ್ತಿ ಪೇಟೆಯ ಹಿಂದಿನ ಹಳೆಸಾಮಾನಿನವನ ಹತ್ತಿರ ಹೋಗಿದ್ದೆ. ಹುಡುಗ ಅಲ್ಲ, ನನಗಿಂತ ಹತ್ತು ವರ್ಷ ಚಿಕ್ಕವನಿರಬೇಕು.

"ಎಷ್ಟು ಜನಕ್ಕೆ ಅಡುಗೆ, ಚಿಕ್ಕಪ್ಪ?" ಎಂದ.

"ಮೂವತ್ತು ಲೀಟರು."

"ನಾನು ಜನ ಕೇಳ್ದೆ, ಲೀಟರ್ ಕೇಳ್ಲಿಲ್ಲ. ಮದುವೇನಾ, ಸುನ್ನತೀನಾ?"

"ಒಬ್ನಿಗೇ."

"ಒಬ್ನಿಗೆ ಮೂವತ್ತು ಲೀಟರ್ ಸಾರಾ? ಏನು, ಹೆಂಡ್ತಿ ಬಿಟ್ಟು ಹೋದ್ಲಾ?"

"ಮಗಳ ಬಾಣಂತನಕ್ಕೆ ಹೋಗಿದ್ದಾಳಪ್ಪ."

"ಓ, ಅರ್ಥ ಆಯ್ತು ಬಿಡು" ಎಂದು ಕಣ್ಣು ಹೊಡೆದು ಬೆಲೆ ಇಳಿಸಿದ. "ಮಾಲ್ಟ್ ಎಲ್ಲಿ ಸಿಗತ್ತೆ ಗೊತ್ತಾ, ಇಲ್ಲಾ ಅದನ್ನೂ ನಾನೇ ಹೇಳ್ಬೇಕಾ?" ಎಂದೂ ಕೇಳಿದ. ನನ್ನ ಮುಖದ ಮೇಲೆಯೇ ಬರೆದಿದೆಯೋ ಏನೋ.

ಚೀಲ, ನಳಿಕೆ, ಥರ್ಮಾಮೀಟರು ಎಲ್ಲ ಆಯಿತು. ಹುದುಗಿಸುವುದಕ್ಕೂ ಒಂದು ಸಿಕ್ಕಿದೆ, ಅದೂ ಪುಕ್ಕಟೆ. ನಲ್ಲಿಯೂ ಇದೆ, ಮುಚ್ಚಳ ಗಾಳಿ ಆಡದಷ್ಟು ಬಿಗಿ. ಯಾವುದೆಂದು ಈಗ ಹೇಳುವುದಿಲ್ಲ, ನೀವು ಬೈಯುತ್ತೀರಿ.

ಪಾತ್ರೆ ಹೊತ್ತು ಸೊಂಟ ಹಿಡಿದುಕೊಂಡ,
ನಿಹಾತ್

ಇಜ್ಮಿರ್, ೨೮ ಏಪ್ರಿಲ್

ತಾಹ್ಸಿನ್ ಅಣ್ಣನಿಗೆ,

ಬೈಯಿರಿ. ಬೈಸಿಕೊಳ್ಳಲೆಂದೇ ಬರೆಯುತ್ತಿದ್ದೇನೆ.

ಅತ್ತೆ ಪ್ರತಿ ನವೆಂಬರಿನಲ್ಲಿ ಉಪ್ಪಿನಕಾಯಿ ತುಂಬಿ ಬಸ್ಸಿನಲ್ಲಿ ಕಳಿಸುತ್ತಿದ್ದ ನೀಲಿ ಡ್ರಮ್ಮು ನೆನಪಿದೆಯಲ್ಲ? ನಾವು ಅದಕ್ಕೆ ಆಲಿವ್ ತುಂಬಿ ವಾಪಸು ಕಳಿಸುತ್ತಿದ್ದೆವು. ಅವರು ತೀರಿಕೊಳ್ಳುವ ಮೊದಲು ಬಂದ ಕೊನೆಯ ಡ್ರಮ್ಮು ಇಲ್ಲೇ ಉಳಿಯಿತು. ಕೋಸು, ಸೌತೆ ಎಲ್ಲ ತಿಂದಾದ ಮೇಲೂ ಹಿಂದಿನ ಬಾಲ್ಕನಿಯಲ್ಲಿ ಹಾಗೇ ನಿಂತಿತ್ತು. ಹೊಸ ಬಕೆಟ್ಟಿಗೆ ಯಾಕೆ ದುಡ್ಡು ಎಂದು ಬಿಸಿನೀರಿನಲ್ಲಿ ಎರಡು ಸಲ ಜಾಲಾಡಿಸಿ ಅದಕ್ಕೇ ಸುರಿದೆ.

ಎರಡು ವಾರ ಹುದುಗಿಸಿ, ಬಾಟಲಿಗೆ ತುಂಬಿ, ಮತ್ತೆ ಎರಡು ವಾರ ಕಾದು, ಮೊದಲ ಬಾಟಲಿಯನ್ನು ಪಕ್ಕದ ಮನೆಯ ರೆಮ್ಜಿಯ ಜೊತೆ ತೆರೆದೆ. ನೊರೆ ಚೆನ್ನಾಗಿ ಬಂತು, ಬಣ್ಣವೂ ಬಂತು. ರೆಮ್ಜಿ ಒಂದು ಗುಟುಕು ಕುಡಿದು ಬಹಳ ಹೊತ್ತು ಸಮುದ್ರದ ಕಡೆ ನೋಡಿದ. ಆಮೇಲೆ, "ನಿಹಾತ್, ಇದಕ್ಕೆ ಎರಡು ಹೋಳು ಕೋಸು ಹಾಕಿ ಕೊಡ್ತೀಯಾ? ಬೆಳ್ಳುಳ್ಳಿ ಮಾತ್ರ ಸಾಕಷ್ಟಿದೆ" ಎಂದ.

ನಲವತ್ತು ಬಾಟಲಿಯನ್ನೂ ಬಚ್ಚಲಿಗೆ ಸುರಿದೆ. ಅಗ್ಗದ ಆಸೆಗೆ ಬಿದ್ದವನಿಗೆ ಇದಾಗಲೇಬೇಕು. ಆದರೂ ಡ್ರಮ್ಮು ಗಟ್ಟಿಮುಟ್ಟಾಗಿದೆ, ಬಿಸಾಡಲು ಮನಸ್ಸಿಲ್ಲ. ವಾಸನೆ ಹೋಗಿಸುವ ಉಪಾಯ ಏನಾದರೂ ಇದ್ದರೆ ಬೇಗ ಬರೆಯಿರಿ.

ಮಾಡಿದ್ದುಣ್ಣುತ್ತಿರುವ,
ನಿಹಾತ್

ಎಸ್ಕಿಶೆಹಿರ್, ೧೪ ಮೇ

ನಿಹಾತ್,

ಪ್ಲಾಸ್ಟಿಕ್ಕು ವಾಸನೆ ಕುಡಿಯುತ್ತದೆ, ಕುಡಿದದ್ದನ್ನು ಬಿಡುವುದಿಲ್ಲ. ಆ ಡ್ರಮ್ಮನ್ನು ಮುಟ್ಟಬೇಡ. ಇದ್ದಲ್ಲೇ ಇಡು. ಹೊಸ ಬಕೆಟ್ಟಿನ ದುಡ್ಡು ನಾನು ಕೊಡುತ್ತೇನೆ, ತಮಾಷೆಗೆ ಹೇಳುತ್ತಿಲ್ಲ. ಡ್ರಮ್ಮನ್ನು ಉಜ್ಜಬೇಡ, ಬಿಸಿಲಿಗಿಡಬೇಡ, ಶುಕ್ರಾನ್ ಬರುವವರೆಗೆ ಮುಚ್ಚಳ ಮುಚ್ಚಿಡು.

ಯಾಕೆ ಎಂದು ಕೇಳಬೇಡ.

ಮೊಮ್ಮಗನ ಹಣೆಯ ಸಂಗತಿ ಮೆಲಾಹತಳಿಗೆ ಹೇಳಿದೆ, ಯಾರೋ ಹೇಳಿದರು ಎಂದೆ. "ಯಾರು ಹೇಳಿದ್ದು?" ಎಂದಳು. ಊರಿನವರು ಎಂದೆ. "ಬುರ್ಸಾದ ಮಗೂನ ಎಸ್ಕಿಶೆಹಿರಿನವರು ಯಾವಾಗ ನೋಡಿದ್ರು?" ಎಂದು ಕೇಳಿ ಒಳಗೆ ಹೋದಳು. ನನಗೆ ಸುಳ್ಳು ಹೇಳಲೂ ಶಕ್ತಿ ಸಾಲುತ್ತಿಲ್ಲ.

ನಿನ್ನ,
ತಾಹ್ಸಿನ್

ಇಜ್ಮಿರ್, ೧೬ ಜೂನ್

ತಾಹ್ಸಿನ್ ಅಣ್ಣನಿಗೆ,

ನಿಮ್ಮ ಕಾಗದ ಬರುವಷ್ಟರಲ್ಲಿ ನಾನು ಕೆಲಸ ಮುಗಿಸಿದ್ದೆ. ರೆಮ್ಜಿ ಹೇಳಿದನೆಂದು ಒಗೆಯುವ ಸೋಡಾ ತಂದು, ಕುದಿಯುವ ನೀರು ಸುರಿದು, ಮೂರು ಸಲ ನೆನೆಸಿ ಉಜ್ಜಿದೆ. ಆಮೇಲೆ ಮುಚ್ಚಳ ತೆಗೆದು ತಾರಸಿಯ ಮೇಲೆ ಏಳು ದಿನ ಬಿಸಿಲಿಗಿಟ್ಟೆ. ಪ್ಲಾಸ್ಟಿಕ್ಕು ವಾಸನೆ ಬಿಡುವುದಿಲ್ಲ ಎಂದಿರಿ. ಬಿಟ್ಟಿತು, ಅಣ್ಣ.

ಶುಕ್ರಾನ್ ಜೂನ್ ಎರಡಕ್ಕೆ ಬಂದಳು. ಕೈಚೀಲ ಇಳಿಸಿ, ನೀರು ಕುಡಿದು, ಹಿಂದಿನ ಬಾಲ್ಕನಿಗೆ ಹೋದಳು. ನಾನೂ ಹಿಂದೆಯೇ ಹೋದೆ. ಕದ್ದು ಮಾಡಿದ್ದು ಹೇಗೂ ಗೊತ್ತಾಗುತ್ತದೆ, ಡ್ರಮ್ಮು ಎಷ್ಟು ಹೊಳೆಯುತ್ತಿದೆ ಎಂದು ತೋರಿಸಿ ಹೊಗಳಿಸಿಕೊಳ್ಳೋಣ ಎಂದು. ಅವಳು ಮುಚ್ಚಳ ತೆಗೆದು ಬಗ್ಗಿ ಮುಖವನ್ನು ಒಳಗಿಟ್ಟಳು. ಹಾಗೇ ಇದ್ದಳು. ಏಳಲೇ ಇಲ್ಲ.

"ಏನು ಹಾಕಿದ್ರಿ ಇದಕ್ಕೆ?" ಎಂದಳು, ಮುಖ ಒಳಗೇ ಇಟ್ಟುಕೊಂಡು.

"ಒಗೆಯೋ ಸೋಡಾ. ಮೂರು ಸಲ ಉಜ್ಜಿದೀನಿ. ನೋಡು, ಹೊಸದರ ಹಾಗಾಗಿದೆ."

"ಮೂರು ವರ್ಷದಿಂದ ಇದನ್ನ ತೊಳೀದೆ ಇಟ್ಟಿದೀನಲ್ಲ, ಯಾಕೆ ಅಂತ ಒಂದ್ಸಲನಾದ್ರೂ ಕೇಳಿದ್ರಾ? ನಾನು ಕೊಳಕಿ ಅಂದ್ಕೊಂಡ್ರಾ?"

ಅವಳು ತಲೆ ಎತ್ತಿ ಮುಚ್ಚಳ ಮುಚ್ಚಿದಳು.

"ಅಮ್ಮ ಇದರೊಳಗಿದ್ಲು ಕಣ್ರೀ. ಅಷ್ಟೇ ಉಳಿದಿತ್ತು ನಂಗೆ."

ಅಣ್ಣ, ಮೂವತ್ತನಾಲ್ಕು ವರ್ಷ ಒಂದೇ ಸೂರಿನಡಿ ಇದ್ದೇನೆ. ಅವಳು ಹಿಂದಿನ ಬಾಲ್ಕನಿಗೆ ಹೋದಾಗಲೆಲ್ಲ ಬಟ್ಟೆ ತರಲು ಹೋದಳು ಎಂದುಕೊಂಡಿದ್ದೆ. ಮುಚ್ಚಳ ತೆಗೆದು ಮೂಸಿ ಮತ್ತೆ ಮುಚ್ಚಿ ಬರುತ್ತಿದ್ದಳು. ಕೆಲವು ಸಲ ಕಣ್ಣು ಕೆಂಪಾಗಿರುತ್ತಿತ್ತು, ಈರುಳ್ಳಿ ಎನ್ನುತ್ತಿದ್ದಳು, ನಾನೂ ನಂಬುತ್ತಿದ್ದೆ. ಎಂಥ ಮೂರ್ಖ ನಾನು.

ಎರಡು ವಾರವಾಯಿತು. ಬೈಯುವುದಿಲ್ಲ, ಅಳುವುದಿಲ್ಲ, ಊಟ ಬಡಿಸುತ್ತಾಳೆ. ಬೈದಿದ್ದರೆ ಒಳ್ಳೆಯದಿತ್ತು. ಪಾತ್ರೆಯನ್ನೂ ನಿಮ್ಮ ಕೈಯಂತ್ರವನ್ನೂ ಅಟ್ಟಕ್ಕೆ ಎಸೆದಿದ್ದೇನೆ. ಬಿಯರು ಬೇಡ ನನಗೆ. ಹೋದದ್ದನ್ನು ಹೇಗೆ ತಂದುಕೊಡಲಿ ಎಂದು ಯಾರಾದರೂ ಹೇಳಿದರೆ ಸಾಕು.

ನಿಹಾತ್

ಎಸ್ಕಿಶೆಹಿರ್, ೯ ಜುಲೈ

ನಿಹಾತ್,

ಮೊದಲೇ ನಾನು ಬಾಯಿ ಬಿಟ್ಟಿದ್ದರೆ ಹೀಗಾಗುತ್ತಿರಲಿಲ್ಲ. ಶುಕ್ರಾನ್ ಅದನ್ನು ಅಮ್ಮನ ಗುರುತಿಗೆಂದು ಇಟ್ಟುಕೊಂಡಿರಬೇಕು ಎಂದು ಮೇ ತಿಂಗಳಲ್ಲೇ ಊಹಿಸಿದ್ದೆ. ಆ ಡ್ರಮ್ಮಿನ ವಿಷಯದಲ್ಲಿ ಒಂದು ಮಾತಿದೆ. ಅದನ್ನು ನಾನು ಆಡುವ ಹಾಗಿಲ್ಲ, ಆಣೆ ಹಾಕಿಸಿಕೊಂಡಿದ್ದಾರೆ. ಹಾಗಾಗಿ ಆಡಬಲ್ಲವಳ ಕೈಗೇ ಎಲ್ಲವನ್ನೂ ಕೊಟ್ಟೆ.

ನಿನ್ನ ಕಾಗದಗಳನ್ನು ಮೆಲಾಹತಳ ಮುಂದಿಟ್ಟೆ. ಫೆಬ್ರವರಿಯಿಂದ ಬರೆಯುತ್ತಿದ್ದೇವೆ, ತಪ್ಪಾಯಿತು, ಏನು ಬೇಕಾದರೂ ಅನ್ನು ಎಂದೆ. ಅವಳು ಕನ್ನಡಕ ಹಾಕಿಕೊಂಡು ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಒಂದೊಂದನ್ನೇ ಓದಿದಳು. ಪಾತ್ರೆಯವನ ಮಾತಿಗೆ ತುಟಿಯಲ್ಲೇ ನಕ್ಕಳು. ಕೊನೆಯದನ್ನು ಎರಡು ಸಲ ಓದಿದಳು.

"ಮೂಸ್ತಿದ್ಲಂತಾ?" ಎಂದಳು.

"ಹಾಗಂತ ಬರೆದಿದ್ದಾನೆ."

"ಮೂರು ವರ್ಷನೂ?"

"ಮೂರು ವರ್ಷನೂ."

ಕಾಗದಗಳನ್ನು ಮಡಚಿ ನನ್ನ ಕೈಗೇ ಕೊಟ್ಟು ಬಟ್ಟೆ ಒಣಹಾಕಲು ಹೋದಳು. ಒಂದು ಬಕೆಟ್ಟು ಬಟ್ಟೆಗೆ ಅವಳಿಗೆ ಅಷ್ಟು ಹೊತ್ತು ಹಿಡಿದದ್ದನ್ನು ನಾನು ಯಾವತ್ತೂ ನೋಡಿಲ್ಲ. ಆಮೇಲೆ ಆ ಮಾತೇ ಎತ್ತಿಲ್ಲ. ನಾನು ಕಾಯುತ್ತಿದ್ದೇನೆ, ನೀನೂ ಕಾಯಿ. ನಮ್ಮಿಂದ ಆಗುವುದು ಅಷ್ಟೇ.

ತಾಹ್ಸಿನ್

ಇಜ್ಮಿರ್, ೧೫ ಸೆಪ್ಟೆಂಬರ್

ಮೆಲಾಹತ್ ಅವರಿಗೆ,

ನನ್ನ ಗಂಡ ಕಾಫಿ ಅಂಗಡಿಗೆ ಕಾಗದ ಬರೆಯುತ್ತಾರೆಂದು ನನಗೆ ಫೆಬ್ರವರಿಯಿಂದಲೇ ಗೊತ್ತು. ಈ ಬೀದಿಯಲ್ಲಿ ಅಂಚೆಚೀಟಿ ಕೊಳ್ಳುವ ಗಂಡಸು ಇನ್ನೊಬ್ಬನಿಲ್ಲ. ಸುಮ್ಮನಿದ್ದೆ. ನಿಮ್ಮ ಮನೆಯ ಸುದ್ದಿ ಅವರ ಮುಖ ನೋಡಿಯಾದರೂ ತಿಳಿಯುತ್ತಿತ್ತು.

ಒಂದು ವಿಷಯ ಕೇಳುವುದಿದೆ, ಬೇರೇನೂ ಇಲ್ಲ. ಅಮ್ಮ ಉಪ್ಪಿನಕಾಯಿಗೆ ಏನೇನು ಹಾಕುತ್ತಿದ್ದಳು? ಬೇಸಿಗೆಯಿಂದ ನಾಲ್ಕು ಸಲ ಹಾಕಿ ನೋಡಿದೆ. ಚಿಕ್ಕವಳಿದ್ದಾಗ ಅವಳ ಪಕ್ಕದಲ್ಲಿ ನಿಂತು ಹಿಂಡಿಕೊಟ್ಟಿದ್ದೇನೆ, ಬಕೆಟ್ಟಿಗೆ ಹತ್ತು ನಿಂಬೆ, ಕಲ್ಲುಪ್ಪು, ಬೆಳ್ಳುಳ್ಳಿ, ಸೆಲರಿ ಸೊಪ್ಪು. ಹಾಗೆಯೇ ಹಾಕಿದೆ. ರುಚಿ ಚೆನ್ನಾಗಿದೆ ಎಂದು ಎಲ್ಲರೂ ತಿನ್ನುತ್ತಾರೆ. ಆದರೆ ಆ ಡ್ರಮ್ಮಿನ ವಾಸನೆ ಬರುತ್ತಿಲ್ಲ. ಹತ್ತಿರಕ್ಕೂ ಬರುತ್ತಿಲ್ಲ.

ನಾನು ಮರೆತದ್ದು ಏನು? ಅವಳ ಜೊತೆ ಕೊನೆಯವರೆಗೆ ಇದ್ದವರು ನೀವು, ನಿಮಗೆ ಗೊತ್ತಿರಬೇಕು. ಒಂದು ಚೀಟಿಯಲ್ಲಿ ಬರೆದು ಕಳಿಸಿದರೆ ಸಾಕು.

ಶುಕ್ರಾನ್

ಎಸ್ಕಿಶೆಹಿರ್, ೬ ಅಕ್ಟೋಬರ್

ಶುಕ್ರಾನ್,

ನಿನ್ನ ಕಾಗದ ಬಂದು ಎರಡು ವಾರದ ಮೇಲಾಯಿತು. "ಮೆಲಾಹತ್ ಅವರಿಗೆ" ಎಂದು ಬರೆದಿದ್ದೀಯ. ಅಷ್ಟನ್ನು ಓದಿ ಸಿಟ್ಟು ಬಂದು ಹಿಟ್ಟಿನ ಡಬ್ಬದ ಹಿಂದೆ ತುರುಕಿದೆ. ಮತ್ತೆ ತೆಗೆದೆ. ಹೀಗೇ ಎಷ್ಟೋ ಸಲವಾಯಿತು.

ನೀನು ಏನನ್ನೂ ಮರೆತಿಲ್ಲ. ಅಮ್ಮ ಹಾಕುತ್ತಿದ್ದದ್ದು ನಿಂಬೆಯೇ. ನೀನು ಈಗ ಹಾಕಿರುವುದು ಅಮ್ಮನ ಉಪ್ಪಿನಕಾಯಿಯೇ. ಆ ಡ್ರಮ್ಮಿನಲ್ಲಿ ನಿಂಬೆಯ ಬದಲು ಇದ್ದದ್ದು ವಿನೆಗರು, ಚೆರ್ರಿ ಎಲೆ, ಬಟ್ಟೆಯಲ್ಲಿ ಕಟ್ಟಿದ ಒಂದು ಹಿಡಿ ಕಡಲೆ. ಹಾಕಿದ್ದು ನಾನು.

ಅಮ್ಮನ ಕೈ ಕೊನೆಯ ನಾಲ್ಕು ವರ್ಷ ನಡುಗುತ್ತಿತ್ತು. ಚಾಕು ಹಿಡಿಯಲು ಆಗುತ್ತಿರಲಿಲ್ಲ, ಆಮೇಲೆ ಚಮಚವೂ ನಿಲ್ಲಲಿಲ್ಲ. ಹಬ್ಬಕ್ಕೆ ನೀನು ಬರುತ್ತೀಯ ಎಂದರೆ ಹಿಂದಿನ ದಿನವೇ ಸ್ನಾನ ಮಾಡಿಸು ಎನ್ನುತ್ತಿದ್ದಳು, ಕುರ್ಚಿಯಲ್ಲಿ ಕೂರಿಸಿ ಶಾಲು ಹೊದಿಸು ಎನ್ನುತ್ತಿದ್ದಳು. ಆ ಎರಡು ದಿನವೂ ಕೈಗಳನ್ನು ಶಾಲಿನೊಳಗೇ ಇಟ್ಟುಕೊಂಡಿರುತ್ತಿದ್ದಳು. ನೀನು, "ಅಮ್ಮಂಗೆ ಎಷ್ಟು ಚಳಿ ಆಗತ್ತೆ, ಹೀಟರ್ ಹಾಕೇ" ಎಂದು ನನ್ನನ್ನು ಬೈಯುತ್ತಿದ್ದೆ. "ಆ ಹುಡುಗಿಗೆ ಹೇಳ್ಬೇಡ, ಗಂಡ ಮಗಳನ್ನ ಬಿಟ್ಟು ಓಡಿ ಬರ್ತಾಳೆ" ಎಂದು ನನ್ನಿಂದಲೂ ತಾಹ್ಸಿನರಿಂದಲೂ ಆಣೆ ಹಾಕಿಸಿಕೊಂಡಿದ್ದಳು. ನವೆಂಬರಿನಲ್ಲಿ ಡ್ರಮ್ಮು ಹೋಗದಿದ್ದರೆ ನಿನಗೆ ಗೊತ್ತಾಗುತ್ತದಲ್ಲ, ಅದಕ್ಕೆ ನಾನು ಹಾಕಿ ಅವಳ ಹೆಸರಿನಲ್ಲಿ ಕಳಿಸುತ್ತಿದ್ದೆ. ನೀನು ಫೋನು ಮಾಡಿ "ಅಮ್ಮ, ನಿನ್ನ ಕೈರುಚಿ ಯಾರಿಗೂ ಬರಲ್ಲ" ಎನ್ನುತ್ತಿದ್ದೆ. ಅವಳು ನನ್ನ ಕಡೆ ನೋಡಿ ನಗುತ್ತಿದ್ದಳು. ನನಗೂ ನಗು ಬರುತ್ತಿತ್ತು, ಒಂದೊಂದು ಸಲ ಹೊಟ್ಟೆ ಉರಿಯುತ್ತಿತ್ತು.

ಹಲ್ವಾ ಕಲಕುವಾಗ ನೀನು ಆಡಿದ ಮಾತಿಗೆ ಇದನ್ನೆಲ್ಲ ಅಲ್ಲೇ ಹೇಳಿಬಿಡಬಹುದಿತ್ತು. ಅಮ್ಮನನ್ನು ಇನ್ನೂ ಮನೆಯಿಂದ ಎತ್ತಿರಲಿಲ್ಲ, ಅವಳ ಆಣೆಯನ್ನು ಅವಳ ಎದುರಿಗೇ ಹೇಗೆ ಮುರಿಯಲಿ? ಆಮೇಲೆ ಹಟ ಬಂತು. ಆಸ್ಪತ್ರೆಯ ಮಾತೂ ಕೇಳು. ಒಂದು ದಿನ ಮೊದಲೇ ಹೊರಡಿಸಿದೆ, ಹೋಗುವುದಿಲ್ಲ ಎಂದು ಆ ನಡುಗುವ ಕೈಯಲ್ಲೇ ಮಂಚದ ಕಂಬಿ ಹಿಡಿದುಕೊಂಡಳು. ಬಿಡಿಸಲು ನನಗೆ ಮನಸ್ಸಾಗಲಿಲ್ಲ. ಬಿಡಿಸಿದ್ದರೆ ಉಳಿಯುತ್ತಿದ್ದಳೋ ಏನೋ. ನೀನು ಒಂದು ಸಲ ಕೇಳಿದೆ, ನಾನು ಮೂರು ವರ್ಷದಿಂದ ದಿನಾ ಕೇಳಿಕೊಳ್ಳುತ್ತಿದ್ದೇನೆ.

ನನ್ನ ಮುಖ ನೋಡುವುದಿಲ್ಲ ಎಂದು ಕೂತವಳು ಮುಚ್ಚಳ ತೆಗೆದು ಮೂಸುತ್ತಿದ್ದದ್ದು ನನ್ನ ಕೈಯನ್ನು. ನಿಹಾತನ ಮೇಲೆ ಇನ್ನು ಮುನಿಯಬೇಡ, ಪಾಪ, ಅವನು ತೊಳೆದದ್ದು ಅಮ್ಮನನ್ನಲ್ಲ.

ನಿನ್ನನ್ನು ಅಳಿಸಬೇಕೆಂದು ಇದನ್ನು ಬರೆಯುತ್ತಿಲ್ಲ. ಬಚ್ಚಿಟ್ಟು ಬಚ್ಚಿಟ್ಟು ಸಾಕಾಗಿದೆ, ಶುಕ್ರಾನ್. ಅಕ್ಷರ ಸೊಟ್ಟಗಿರುವುದನ್ನು ನೋಡಿರುತ್ತೀಯ. ಈ ವಸಂತದಿಂದ ನನ್ನ ಬಲಗೈಯೂ ನಡುಗಲು ಶುರು ಮಾಡಿದೆ. ತಾಹ್ಸಿನರಿಗೆ ಇನ್ನೂ ಹೇಳಿಲ್ಲ, ಮೊದಲು ನಿನಗೆ ಹೇಳುತ್ತಿದ್ದೇನೆ. ನಾನು ಶಾಲು ಹೊದೆಯುವುದಿಲ್ಲ.

ಪೇಟೆಗೆ ಕೋಸು ಬಂದಿದೆ. ಹೆಚ್ಚಲು ಒಬ್ಬಳಿಂದ ಆಗುವುದಿಲ್ಲ. ಬಾ.

ನಿನ್ನ ಅಕ್ಕ